ಕಾಣದವರಿಗೂ ಕೇಳದವರಿಗೂ ನಾಟಕ: ಹವ್ಯಾಸಿ ತಂಡಗಳಿಗೆ ಎಂಟು ವಾರಗಳ ಕೈಪಿಡಿ

ಒಂದೂವರೆ ಗಂಟೆಯ ನಾಟಕ, ಮುನ್ನೂರು ಕುರ್ಚಿಯ ಸಭಾಂಗಣ, ಶನಿವಾರ ಒಂದು, ಭಾನುವಾರ ಒಂದು ಪ್ರದರ್ಶನ. ನಮ್ಮ ಬಹುಪಾಲು ಹವ್ಯಾಸಿ ತಂಡಗಳ ಅಳತೆ ಇಷ್ಟೇ. ಇಷ್ಟರೊಳಗೇ ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿ ಬರುವವರು ಉಳಿದವರ ಜೊತೆ ಕೂತು ನಾಟಕ ಸವಿಯುವಂತೆ ಮಾಡಬಹುದು. ಅದಕ್ಕೆ ದೊಡ್ಡ ದುಡ್ಡಿಗಿಂತ ಮುಂಚೆಯೇ ಶುರುಮಾಡುವ ಅಭ್ಯಾಸ ಬೇಕು. ಕೊನೆಯ ವಾರ ನೆನಪಾಗಿ ಯಾರನ್ನೋ ಕರೆದು "ಪಕ್ಕದಲ್ಲಿ ಕೂತು ಏನಾಗ್ತಿದೆ ಅಂತ ಹೇಳ್ತಾ ಹೋಗಿ" ಅಂದರೆ ಕೆಲಸ ಕೆಡುತ್ತದೆ. ಎಲ್ಲಿ ಮಾತು ಬರುತ್ತದೆ, ಎಲ್ಲಿ ಮೌನ ಇದೆ ಅನ್ನುವುದು ಹೇಳುವವರಿಗೆ ಗೊತ್ತಿರುವುದಿಲ್ಲ. ಕೇಳುವವರಿಗೆ ವಿವರಣೆಯೂ ಸರಿಯಾಗಿ ಸಿಗದೆ ನಟರ ಮಾತೂ ತಪ್ಪಿಹೋಗುತ್ತದೆ. ತಾಲೀಮಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಎಂಟು ವಾರ ಸಾಕು.

ಇದು ಹಕ್ಕಿನ ವಿಷಯ, ದಯೆಯದ್ದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ 29ನೇ ಕಲಂ ಸಾಂಸ್ಕೃತಿಕ ಬದುಕಿನಲ್ಲಿ ಪಾಲುಗೊಳ್ಳುವ ಹಕ್ಕನ್ನು ಹೇಳುತ್ತದೆ. 42ನೇ ಕಲಂ ಧ್ವನಿ ವಿವರಣೆ (ಕಣ್ಣಿಗೆ ಕಾಣುವುದನ್ನು ಮಾತಿನಲ್ಲಿ ಹೇಳುವುದು), ಸಂಜ್ಞೆ ಭಾಷೆ ಮತ್ತು ಕ್ಯಾಪ್ಷನ್ (ಮಾತನ್ನೂ ಸದ್ದನ್ನೂ ತೆರೆಯ ಮೇಲೆ ಅಕ್ಷರದಲ್ಲಿ ತೋರಿಸುವುದು) ಮೂರನ್ನೂ ಹೆಸರಿಸುತ್ತದೆ. ಚಿತ್ರಮಂದಿರಗಳಲ್ಲಿ ತೋರಿಸುವ ಸಿನಿಮಾಗಳಿಗೆ ಈ ಸೌಲಭ್ಯಗಳ ಮಾರ್ಗಸೂಚಿಯನ್ನು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚಿನಲ್ಲಿ ಹೊರಡಿಸಿದೆ. ನಮ್ಮ ರಂಗಭೂಮಿಗಂತೂ ಅಂಗವೈಕಲ್ಯ ಇರುವವರು ಹೊಸಬರೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ನಾಟಕ ಬರೆದರು, ನಾಟಕ ಕಂಪನಿಯನ್ನೇ ಕಟ್ಟಿ ನಡೆಸಿದರು. ಹಾಗಾಗಿ ಪ್ರೇಕ್ಷಕರ ಕುರ್ಚಿಯಷ್ಟೇ ಅಲ್ಲ, ರಂಗದ ಮೇಲಿನ ಜಾಗವೂ ಈ ಲೆಕ್ಕದಲ್ಲಿ ಸೇರಬೇಕು.

ಮೊದಲ ವಾರ: ಪಠ್ಯ ಓದುವಾಗಲೇ

ಮೊದಲ ಓದಿಗೆ ಕೂತಾಗ ಒಬ್ಬರು ಕೆಂಪು ಪೆನ್ಸಿಲ್ ಹಿಡಿದು ಮೂರು ಬಗೆಯ ಗುರುತು ಹಾಕಿಕೊಳ್ಳಲಿ: ಮಾತಿಲ್ಲದೆ ನಡೆಯುವ ಕ್ರಿಯೆಗಳು, ಸದ್ದಿನಿಂದಷ್ಟೇ ಗೊತ್ತಾಗುವ ಸಂಗತಿಗಳು, ಮತ್ತು ಅಂಗವೈಕಲ್ಯದ ಬಗ್ಗೆ ಬರುವ ಮಾತುಗಳು. ಮೊದಲನೆಯದು ಧ್ವನಿ ವಿವರಣೆಗೆ, ಎರಡನೆಯದು ಕ್ಯಾಪ್ಷನ್ನಿಗೆ, ಮೂರನೆಯದು ನಿರ್ದೇಶಕರ ಜೊತೆಗಿನ ಚರ್ಚೆಗೆ.

ಆ ಚರ್ಚೆಯನ್ನು ಮುಂದೂಡಬೇಡಿ. ಕುಂಟುತ್ತಾ ಬರುವ ಖಳನಾಯಕ, ಒಂದಕ್ಕೆ ಒಂಬತ್ತು ಕೇಳಿಸಿಕೊಂಡು ನಗಿಸುವ ಕಿವುಡ ಆಳು, ತೊದಲುವ ಮಾಸ್ತರ, ಕೊನೆಯ ಅಂಕದಲ್ಲಿ ಕಣ್ಣು ಬಂದು ಸುಖವಾಗುವ ನಾಯಕಿ. ನಮ್ಮ ನಾಟಕಗಳಿಗೂ ಧಾರಾವಾಹಿಗಳಿಗೂ ಈ ಪಾತ್ರಗಳು ಎಷ್ಟು ರೂಢಿಯಾಗಿವೆಯೆಂದರೆ, ಬರೆದವರಿಗೆ ಅವು ಬರೆದದ್ದೂ ಗೊತ್ತಾಗಿರುವುದಿಲ್ಲ. ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಸಿನಿಮಾವೊಂದರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಲ್ಲಿ ಒಂದು ಒಳ್ಳೆಯ ಅಳತೆಗೋಲಿದೆ: ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಹೀಗಳೆಯುವ ಹಾಸ್ಯ ಬೇರೆ. ಪ್ರತಿ ನಗೆಯ ಜಾಗದಲ್ಲೂ ಕೇಳಿಕೊಳ್ಳಿ, ಇಲ್ಲಿ ಪ್ರೇಕ್ಷಕರು ಯಾವುದನ್ನು ನೋಡಿ ನಗುತ್ತಾರೆ? ಕಿವುಡ ಅಜ್ಜನ ಕಿವಿಯನ್ನೋ, ಅಜ್ಜನಿಗೆ ಕೇಳಿಸದು ಎಂದು ಗುಟ್ಟು ಮಾತಾಡಿ ಸಿಕ್ಕಿಬೀಳುವ ಸೊಸೆಯನ್ನೋ? ಎರಡನೆಯದಾದರೆ ಉಳಿಸಿಕೊಳ್ಳಿ, ಅದು ಗಟ್ಟಿ ಹಾಸ್ಯ. "ಕಿವುಡನ ಮುಂದೆ ಕಿನ್ನರಿ" ಥರದ ಗಾದೆ ಪಾತ್ರದ ಬಾಯಲ್ಲಿ ಬಂದರೆ ಅದನ್ನು ಹೇಳುವ ಪಾತ್ರ ಎಂಥದ್ದು ಅನ್ನುವುದು ಮುಖ್ಯ. ಕೆಟ್ಟವನ ಬಾಯಲ್ಲಿ ಕೆಟ್ಟ ಮಾತು ಸಹಜ. ನಾಟಕವೇ ಅದನ್ನು ಒಪ್ಪಿಕೊಂಡು ಮುಂದೆ ಹೋದರೆ ತಪ್ಪು. ಹಳೆಯ ನಾಟಕಕಾರರ ಮಾತನ್ನು ಸುಮ್ಮನೆ ಕತ್ತರಿಸಲು ಆಗುವುದಿಲ್ಲ; ಅಂಥಲ್ಲಿ ಎದುರು ನಿಂತ ಪಾತ್ರದ ಮುಖ, ಒಂದು ಮೌನ, ಒಂದು ನೋಟ ಕೆಲಸ ಮಾಡುತ್ತದೆ.

ಪ್ರಚಾರದಲ್ಲಿ ಯಾವ ಪದ ಬಳಸಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಸರ್ಕಾರಿ ಇಲಾಖೆಯ ಹೆಸರಿನಲ್ಲಿ "ವಿಕಲಚೇತನ" ಇದೆ, ಕಾಯ್ದೆಯ ಕನ್ನಡದಲ್ಲಿ "ಅಂಗವಿಕಲ", ಪತ್ರಿಕೆಗಳಲ್ಲಿ "ವಿಶೇಷಚೇತನ". "ದಿವ್ಯಾಂಗ" ಅನೇಕರಿಗೆ ಇಷ್ಟವಿಲ್ಲ. ದೇವರ ಮಾತು ತಂದು ಹಕ್ಕಿನ ಮಾತು ಮರೆಸಿದಂತಾಗುತ್ತದೆ ಎನ್ನುತ್ತಾರೆ. ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವಾಗ ಅವರನ್ನೇ ಕೇಳಿ ಬರೆಯಿರಿ. ಸೌಲಭ್ಯದ ಬಗ್ಗೆ ಬರೆಯುವಾಗ ಪದದ ಜಗಳವೇ ಬೇಡ: "ಧ್ವನಿ ವಿವರಣೆ ಇದೆ, ಕನ್ನಡ ಕ್ಯಾಪ್ಷನ್ ಇದೆ, ಇಳಿಜಾರು ದಾರಿ ಇದೆ" ಎಂದರೆ ಬೇಕಾದವರಿಗೆ ಬೇಕಾದ್ದು ತಿಳಿಯಿತು. "ಮೂಗ" ಎಂಬ ಪದವನ್ನು ಮಾತ್ರ ಪೂರ್ತಿ ಬಿಡಿ. ಸಂಜ್ಞೆ ಭಾಷೆ ಆಡುವವರಿಗೆ ಭಾಷೆ ಇದೆ.

ಸಭಾಂಗಣಕ್ಕೆ ಟೇಪ್ ಹಿಡಿದು ಹೋಗಿ

ಮುಂಗಡ ಕೊಡುವ ಮೊದಲೇ ಹೋಗಿ ಅಳೆಯಿರಿ. "ರ‍್ಯಾಂಪ್ ಇದೆ ಸಾರ್" ಎಂಬ ಫೋನಿನ ಮಾತನ್ನು ನಂಬಬೇಡಿ. ರ‍್ಯಾಂಪ್ ಇದ್ದು ಅದರ ಬುಡದಲ್ಲಿ ಚರಂಡಿ ಕಲ್ಲು ಎದ್ದಿರುತ್ತದೆ, ಇಲ್ಲವೇ ತುದಿಯ ಬಾಗಿಲಿಗೆ ಬೀಗ ಬಿದ್ದಿರುತ್ತದೆ.

ಇಳಿಜಾರಿನ ಲೆಕ್ಕ 1:12. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಬಾಗಿಲ ಮುಂದೆ ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಒಟ್ಟು ಎತ್ತರ ಹದಿನೆಂಟು ಇಂಚು, ಅಂದರೆ ಹದಿನೆಂಟು ಅಡಿಯ ಇಳಿಜಾರು ಬೇಕು. ಸೆಟ್ಟಿನಿಂದ ಉಳಿದ ಆರಡಿ ಹಲಗೆ ಹಾಸಿದರೆ 1:4 ಆಗುತ್ತದೆ. ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ, ತಳ್ಳುವವರ ಸೊಂಟವೂ ಹೋಗುತ್ತದೆ. ಬಾಗಿಲ ಅಗಲ 900 ಮಿಲಿಮೀಟರ್, ಕುರ್ಚಿ ನಿಲ್ಲುವ ಜಾಗ 900ಕ್ಕೆ 1200, ಪೂರ್ತಿ ತಿರುಗಲು 1500 ಮಿಲಿಮೀಟರ್ ಸುತ್ತು. ಈ ನಾಲ್ಕು ಅಂಕಿ ಬಾಯಿಪಾಠವಾಗಿರಲಿ.

ಶೌಚಾಲಯಕ್ಕೂ ಇದೇ ಟೇಪು. ಅಗಲ ಬಾಗಿಲಿನ ಶೌಚಾಲಯ ಇದ್ದರೂ ಬಹಳ ಕಡೆ ಅದು ಪೊರಕೆ, ಬಕೆಟ್, ಹಳೆಯ ಬ್ಯಾನರ್ ಇಡುವ ಕೋಣೆಯಾಗಿರುತ್ತದೆ. ಹಿಂದಿನ ದಿನವೇ ಖಾಲಿ ಮಾಡಿಸಿ ಕೀಲಿಯನ್ನು ನಿಮ್ಮ ಸ್ವಯಂಸೇವಕರ ಕೈಯಲ್ಲಿ ಇಟ್ಟುಕೊಳ್ಳಿ.

ಗಾಲಿಕುರ್ಚಿಯ ಜಾಗಕ್ಕಾಗಿ ಸಾಲಿನ ತುದಿಯ ಎರಡು ಕುರ್ಚಿ ತೆಗೆಯಿರಿ, ಜೊತೆಗೆ ಬಂದವರ ಕುರ್ಚಿ ಪಕ್ಕದಲ್ಲೇ ಇರಲಿ. ಓಡಾಡುವ ದಾರಿಯಲ್ಲಿ ನಿಲ್ಲಿಸಬಾರದು, ಬೆಂಕಿಯ ಸಮಯದಲ್ಲಿ ಅದು ಎಲ್ಲರಿಗೂ ಅಪಾಯ. ಎಲ್ಲರನ್ನೂ ಒಯ್ದು ಮೊದಲ ಸಾಲಿನ ಮುಂದೆ ಕೂರಿಸುವುದೂ ಬೇಡ. ನಾಲ್ಕಡಿ ಎತ್ತರದ ರಂಗವನ್ನು ಒಂದೂವರೆ ಗಂಟೆ ತಲೆಯೆತ್ತಿ ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ಕೊನೆಗೆ ಸನ್ಮಾನ, ನೆನಪಿನ ಕಾಣಿಕೆ ಇದ್ದು ಗಾಲಿಕುರ್ಚಿಯವರು ಅದರಲ್ಲಿದ್ದರೆ ಇಡೀ ಸನ್ಮಾನವನ್ನು ಕೆಳಗೆ, ಪ್ರೇಕ್ಷಕರ ಮಟ್ಟದಲ್ಲಿ ಮಾಡಿ. ನಾಲ್ವರು ಸೇರಿ ಒಬ್ಬರನ್ನು ಕುರ್ಚಿ ಸಮೇತ ಎತ್ತಿ ರಂಗಕ್ಕೆ ಏರಿಸುವ ದೃಶ್ಯ ಗೌರವದ್ದಲ್ಲ, ಸುರಕ್ಷಿತವೂ ಅಲ್ಲ.

ಧ್ವನಿ ವಿವರಣೆ ಬರೆಯುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸ ಇದೇ, ಹಾಗೆಯೇ ಬರಹ ಬಲ್ಲವರಿಗೆ ತುಂಬ ಖುಷಿ ಕೊಡುವ ಕೆಲಸವೂ ಹೌದು. ಸಂಭಾಷಣೆಯ ನಡುವಿನ ಮೌನದಲ್ಲಿ, ಕಣ್ಣಿಗಷ್ಟೇ ಕಾಣುವುದನ್ನು ಮಾತಿನಲ್ಲಿ ಹೇಳುವುದು ಧ್ವನಿ ವಿವರಣೆ. ಕಣ್ಣು ಕಾಣದ ಪ್ರೇಕ್ಷಕರು ಅದನ್ನು ಒಂದು ಕಿವಿಯ ಇಯರ್‌ಫೋನಿನಲ್ಲಿ ಕೇಳುತ್ತಾರೆ, ಇನ್ನೊಂದು ಕಿವಿ ನಾಟಕಕ್ಕೆ.

ನಾಲ್ಕನೇ ವಾರ ನಾಟಕ ಒಂದು ಹದಕ್ಕೆ ಬಂದಾಗ ಪೂರ್ತಿ ಓಟವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಸ್ಟಾಪ್‌ವಾಚ್ ಹಿಡಿದು ಮಾತಿಲ್ಲದ ಪ್ರತಿ ಜಾಗವನ್ನೂ ಸೆಕೆಂಡಿನಲ್ಲಿ ಅಳೆದು ಪಠ್ಯದ ಅಂಚಿನಲ್ಲಿ ಬರೆಯಿರಿ. ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ, ಒಂದೊಂದು ಪದವೂ ಒಂದೊಂದು ಉದ್ದ. ಅಕ್ಷರ ಎಣಿಸಿ. ಅವಸರವಿಲ್ಲದೆ ಓದಿದರೆ ಸೆಕೆಂಡಿಗೆ ಐದು ಅಕ್ಷರ. ಎಂಟು ಸೆಕೆಂಡಿನ ಮೌನಕ್ಕೆ ಮೂವತ್ತು ಅಕ್ಷರಕ್ಕಿಂತ ಹೆಚ್ಚು ಹಾಕದಿದ್ದರೆ ಕೊನೆಗೆ ಎರಡು ಸೆಕೆಂಡು ನಿಜವಾದ ಮೌನ ಉಳಿಯುತ್ತದೆ. ಆ ಉಳಿಕೆ ಬೇಕೇ ಬೇಕು. ನಟಿ ಉಸಿರೆಳೆದುಕೊಳ್ಳುವುದು ಅಲ್ಲಿ ಕೇಳಿಸುತ್ತದೆ.

ಒಂದು ದೃಶ್ಯ ತೆಗೆದುಕೊಳ್ಳೋಣ. ಗೌರಮ್ಮ ಎಂಬ ಪಾತ್ರ, ಎಂಟು ಸೆಕೆಂಡು ಮಾತಿಲ್ಲ. ಮೊದಲ ಯತ್ನ ಸಾಮಾನ್ಯವಾಗಿ ಹೀಗಿರುತ್ತದೆ:

"ಗೌರಮ್ಮ ದುಃಖದಿಂದ, ಹಳೆಯ ನೆನಪುಗಳಲ್ಲಿ ಮುಳುಗಿ, ಗಂಡನ ಪತ್ರವನ್ನು ನೋಡುತ್ತಾಳೆ."

ಮೂವತ್ತು ಅಕ್ಷರ, ಆರು ಸೆಕೆಂಡು. ಅಳತೆ ಸರಿ, ಹೇಳಿದ್ದು ತಪ್ಪು. ದುಃಖ ಎಂದು ತೀರ್ಮಾನಿಸಿದವರು ಬರೆದವರು. ರಂಗದ ಮೇಲೆ ಕಂಡದ್ದು ದುಃಖ ಅಲ್ಲ, ಒಂದು ಕೈ, ಒಂದು ಕಾಗದ. ಅದು ಗಂಡನ ಪತ್ರ ಅನ್ನುವುದು ಮುಂದಿನ ಅಂಕದಲ್ಲಿ ಬಯಲಾಗಬೇಕಾದ ಗುಟ್ಟು. ಕಣ್ಣಿರುವ ಪ್ರೇಕ್ಷಕರಿಗೇ ಇನ್ನೂ ಗೊತ್ತಿಲ್ಲದ್ದನ್ನು ಇವರಿಗೆ ಮೊದಲೇ ಹೇಳಿಬಿಟ್ಟಂತಾಯಿತು. ತಿದ್ದಿದ ಮೇಲೆ:

"ಗೌರಮ್ಮ ಟ್ರಂಕಿನಿಂದ ಕಾಗದ ತೆಗೆಯುತ್ತಾಳೆ. ಬಿಡಿಸಿ ನೋಡುವುದಿಲ್ಲ. ಒಲೆಗೆ ಹಾಕುತ್ತಾಳೆ."

ಇದೂ ಮೂವತ್ತೇ ಅಕ್ಷರ. ಆದರೆ ಮೂರು ಕ್ರಿಯೆ ಬಂದವು, ದುಃಖವೋ ಸಿಟ್ಟೋ ಎಂಬುದನ್ನು ಕೇಳುವವರೇ ಕಟ್ಟಿಕೊಳ್ಳುತ್ತಾರೆ. ನಡುವಿನ ವಾಕ್ಯ ಗಮನಿಸಿ. "ಮಡಿಕೆ ಬಿಚ್ಚುವುದಿಲ್ಲ" ಎಂದೂ ಬರೆಯಬಹುದಿತ್ತು, ಅಕ್ಷರವೂ ಎಂಟೇ. ಆದರೆ ಕಿವಿಗೆ ಮಡಿಕೆ, ಮಡಕೆ ಎರಡೂ ಒಂದೇ ಥರ ಬೀಳುತ್ತವೆ, ಅದೂ ಪಕ್ಕದಲ್ಲೇ ಒಲೆ ಇರುವಾಗ. ಬರೆದದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿ ನೋಡುವುದು ಇದಕ್ಕೇ. ಕೊನೆಯ "ಒಲೆಗೆ ಹಾಕುತ್ತಾಳೆ" ನಟಿಯ ಕೈ ಒಲೆಯತ್ತ ಹೋದ ಮೇಲೆಯೇ ಬರಬೇಕು. ಅರ್ಧ ಸೆಕೆಂಡು ಮುಂಚೆ ಬಂದರೂ ರಂಗದ ಗುಟ್ಟು ಒಡೆದಂತೆ. ಅರ್ಧ ಸೆಕೆಂಡು ತಡವಾದರೆ ಅಡ್ಡಿಯಿಲ್ಲ.

ಕನ್ನಡದ ಕ್ರಿಯಾಪದ ಈ ಕೆಲಸಕ್ಕೆ ಒಂದು ಅನುಕೂಲ, ಒಂದು ತೊಡಕು. "ಬರುತ್ತಾಳೆ" ಅಂದರೆ ಹೆಣ್ಣು, ಒಬ್ಬಳು, ಈಗ ಎಂಬ ಮೂರೂ ತಿಳಿದವು. "ಅವಳು" ಬೇಕಿಲ್ಲ, ಮೂರಕ್ಷರ ಉಳಿಯಿತು. ಆದರೆ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯದಲ್ಲಿ ಏನಾಯಿತು ಅನ್ನುವುದು ತಿಳಿಯುವಷ್ಟರಲ್ಲಿ ಆ ಕ್ರಿಯೆಯೇ ಮುಗಿದಿರುತ್ತದೆ. ಅದಕ್ಕೇ ಚಿಕ್ಕ ವಾಕ್ಯ. ರಂಗದ ಮೇಲೆ ಇಬ್ಬರು ಹೆಂಗಸರಿದ್ದರೆ ಕಡ್ಡಾಯವಾಗಿ ಹೆಸರು ಹೇಳಿ. ಎಡ-ಬಲ ಎಂದರೆ ಪ್ರೇಕ್ಷಕರ ಎಡ-ಬಲ. ಶುರುವಿನಲ್ಲೇ ಒಮ್ಮೆ ಹೇಳಿಬಿಡಿ. ಸದ್ದಿನಿಂದ ತಿಳಿಯುವುದನ್ನು ಮತ್ತೆ ಹೇಳಬೇಡಿ: ಬಾಗಿಲು ಬಡಿದದ್ದು ಕೇಳಿಸಿತು, ಬಡಿದವರು ಯಾರು ಅನ್ನುವುದನ್ನಷ್ಟೇ ಹೇಳಿ.

ಮೌನದಲ್ಲಿ ಹಿಡಿಸದೆ ಉಳಿಯುವುದು ಬಹಳ: ರಂಗಸಜ್ಜಿಕೆ, ಪಾತ್ರಗಳ ಚಹರೆ, ಉಡುಪು. ಇದಕ್ಕೆ ಪರದೆ ಏಳುವ ಹದಿನೈದು ನಿಮಿಷ ಮೊದಲು ಐದರಿಂದ ಏಳು ನಿಮಿಷದ ಮುನ್ನುಡಿ ಕೇಳಿಸಿ. ಪ್ರತಿ ನಟರೂ ತಮ್ಮ ಪಾತ್ರದ ದನಿಯಲ್ಲೇ ಒಂದೊಂದು ವಾಕ್ಯ ಆಡಿದ ಧ್ವನಿಮುದ್ರಣ ಅದರಲ್ಲಿ ಇದ್ದರೆ, ಆಮೇಲೆ ಯಾರ ಮಾತು ಯಾರದು ಎಂಬ ಗೊಂದಲ ಇರುವುದಿಲ್ಲ. ಮೈಬಣ್ಣ ಹೇಳುವುದಾದರೆ ಎಲ್ಲ ಪಾತ್ರಗಳದ್ದೂ ಹೇಳಿ. ಕಪ್ಪಗಿದ್ದವರದ್ದು ಮಾತ್ರ ಹೇಳಿದರೆ ಬಿಳಿ ಬಣ್ಣವೇ ಸಹಜ ಎಂದಂತಾಗುತ್ತದೆ.

ಯಕ್ಷಗಾನಕ್ಕೆ ಈ ಮುನ್ನುಡಿಯೇ ಮುಕ್ಕಾಲು ಕೆಲಸ. ಭಾಗವತರ ಪದ್ಯ, ಚೆಂಡೆ, ಮದ್ದಳೆ ನಡೆಯುತ್ತಿರುವಾಗ ವಿವರಣೆ ತೂರಿಸಲು ಜಾಗವೇ ಇಲ್ಲ, ಪದ್ಯದ ಮೇಲೆ ಮಾತಾಡಿದರೆ ಕಲೆಯೇ ಹಾಳು. ವೇಷದ ಕಿರೀಟ, ಎದೆಪದಕ, ಭುಜಕೀರ್ತಿಗಳನ್ನು ಮೊದಲೇ ಮುಟ್ಟಿಸಿ, ಪ್ರವೇಶದ ಕುಣಿತ ಹೇಗಿರುತ್ತದೆ ಎಂದು ಹೇಳಿಟ್ಟು, ಆಟದ ನಡುವೆ ಅರ್ಥಗಾರಿಕೆ ನಿಂತ ಜಾಗದಲ್ಲಿ ಎರಡೇ ಪದ ಹೇಳಿದರೂ ಸಾಕು.

ಬರೆದು ಮುಗಿದ ಮೇಲೆ ಕಣ್ಣು ಕಾಣದ ಒಬ್ಬ ಕೇಳುಗರನ್ನು, ಸಾಧ್ಯವಾದರೆ ಇಬ್ಬರನ್ನು, ಆರನೇ ವಾರದ ತಾಲೀಮಿಗೆ ಕರೆಯಿರಿ. ಅವರಿಗೆ ಗೌರವಧನ ಕೊಡಿ. ಬೆಳಕಿನವರಿಗೆ ಕೊಡುವಂತೆಯೇ ಇದೂ ಕೆಲಸ. "ಚೆನ್ನಾಗಿತ್ತಾ?" ಎಂದು ಕೇಳಬೇಡಿ, ಹೌದು ಅನ್ನುತ್ತಾರೆ. "ಎರಡನೇ ದೃಶ್ಯದಲ್ಲಿ ರಂಗದ ಮೇಲೆ ಎಷ್ಟು ಜನ ಇದ್ದರು? ಕಾಗದ ಏನಾಯಿತು?" ಎಂದು ಕೇಳಿ. ಉತ್ತರ ತಪ್ಪಿದ ಕಡೆ ನಿಮ್ಮ ಬರಹ ತಪ್ಪಿದೆ.

ಕಿವಿಗೆ ಮುಟ್ಟಿಸುವುದು ಹೇಗೆ

ಪ್ರವಾಸಿ ಗೈಡುಗಳು ಬಳಸುವ ವೈರ್‌ಲೆಸ್ ಸೆಟ್ಟು ಒಳ್ಳೆಯ ದಾರಿ: ಒಂದು ಮೈಕು, ಹತ್ತಿಪ್ಪತ್ತು ಪುಟ್ಟ ರಿಸೀವರು. ಸಮ್ಮೇಳನಗಳಿಗೆ ಧ್ವನಿವರ್ಧಕ ಬಾಡಿಗೆ ಕೊಡುವವರಲ್ಲಿ ವಿಚಾರಿಸಿ. ಸಿಗದಿದ್ದರೆ ಫೋನಿನ ಕಾನ್ಫರೆನ್ಸ್ ಕರೆ: ಕೇಳುಗರು ತಮ್ಮದೇ ಮೊಬೈಲು, ಒಂದೇ ಕಿವಿಗೆ ಇಯರ್‌ಫೋನ್, ಎಲ್ಲರ ಮೈಕೂ ಮ್ಯೂಟ್. ಯೂಟ್ಯೂಬ್ ಲೈವ್ ಈ ಕೆಲಸಕ್ಕೆ ಬಾರದು, ದನಿ ಹಲವು ಸೆಕೆಂಡು ತಡವಾಗಿ ಬರುತ್ತದೆ. ಗೌರಮ್ಮ ಒಲೆ ಬಿಟ್ಟು ಹೊರಗೆ ಹೋದ ಮೇಲೆ ಕಾಗದ ಒಲೆಗೆ ಬೀಳುತ್ತದೆ. ಖಾಲಿ ಸಭಾಂಗಣದಲ್ಲಿ ಸರಿಯಾಗಿ ಸಿಕ್ಕಿದ ಮೊಬೈಲ್ ಸಿಗ್ನಲ್ ಮುನ್ನೂರು ಜನ ಸೇರಿದಾಗ ಕೈಕೊಡಬಹುದು, ಅದಕ್ಕೆ ನೆಟ್‌ವರ್ಕಿನ ಪರೀಕ್ಷೆಯನ್ನು ಬೇರೆ ಯಾವುದಾದರೂ ತುಂಬಿದ ಕಾರ್ಯಕ್ರಮದ ದಿನ ಮಾಡಿ.

ವಿವರಣೆ ಹೇಳುವವರು ಹಿಂದಿನ ಲೈಟಿಂಗ್ ಕೋಣೆಯಲ್ಲಿ, ಗಾಜಿನ ಹಿಂದೆ, ರಂಗ ಕಾಣುವಂತೆ ಕೂರಬೇಕು. ಕೋಣೆ ಇಲ್ಲದಿದ್ದರೆ ಪಕ್ಕದ ಕೋಣೆಗೆ ಕ್ಯಾಮೆರಾದಿಂದ ವೈರು ಎಳೆಯಿರಿ. ವೈ-ಫೈ ಚಿತ್ರ ತಡವಾಗುತ್ತದೆ. ಸಭಾಂಗಣದೊಳಗೇ ಕೂತು ಪಿಸುಗುಟ್ಟಿದರೆ ಸುತ್ತಲಿನ ಹತ್ತು ಜನಕ್ಕೆ ಕಿರಿಕಿರಿ, ಕೇಳುವವರಿಗೂ ಪಿಸುದನಿ ಅರ್ಥವಾಗದು.

ಕನ್ನಡ ಕ್ಯಾಪ್ಷನ್

ಪರದೆಯ ಪಕ್ಕದಲ್ಲಿ ಒಂದು ತೆರೆ, ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಪಠ್ಯ ಬಾಯಿಪಾಠವಿರುವ ಒಬ್ಬ ಆಪರೇಟರ್. ಲಿಬ್ರೆ ಆಫೀಸಿನ ಇಂಪ್ರೆಸ್ ಅಥವಾ ಪವರ್‌ಪಾಯಿಂಟ್ ಸಾಕು: ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಒಂದು ಸ್ಲೈಡಿಗೆ ಹೆಚ್ಚೆಂದರೆ ಎರಡು ಸಾಲು, ಸಾಲಿಗೆ ಇಪ್ಪತ್ತರಿಂದ ಇಪ್ಪತ್ತೆರಡು ಅಕ್ಷರ. ಸರಾಸರಿ ಐದು ಸೆಕೆಂಡಿಗೆ ಒಂದು ಸ್ಲೈಡಾದರೆ ತೊಂಬತ್ತು ನಿಮಿಷಕ್ಕೆ ಸಾವಿರದ ಎಂಬತ್ತು ಸ್ಲೈಡು. ಎರಡು ಸಾಲಿನ ಸ್ಲೈಡು ನಾಲ್ಕು ಸೆಕೆಂಡಿಗಿಂತ ಕಡಿಮೆ ನಿಂತರೆ ಓದಿ ಮುಗಿಯುವುದಿಲ್ಲ; ಹಾಗಾಗಿ ಮಾತು ಸರಸರ ಓಡುವ ಕಡೆ ಕ್ಯಾಪ್ಷನನ್ನು ಸ್ವಲ್ಪ ಕಿರಿದುಗೊಳಿಸಬೇಕಾಗುತ್ತದೆ.

ಕನ್ನಡದ ತೊಂದರೆಗಳು ಲಿಪಿಯಲ್ಲಿವೆ. ಹಳೆಯ "ನುಡಿ" ಅಥವಾ "ಬರಹ" ಫಾಂಟಿನಲ್ಲಿ ಟೈಪ್ ಆದ ಪಠ್ಯ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆಗಳ ಕಲಸುಮೇಲೋಗರ. ಮೊದಲು ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ತೆರೆಯುವ ಯೂನಿಕೋಡಿಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, ಎಡವಟ್ಟು ಆಗುವುದು ಅಲ್ಲೇ. ಸಾಲುಗಳ ನಡುವಿನ ಅಂತರ ಒಂದೂವರೆ ಪಟ್ಟು ಇರಲಿ. ಇಲ್ಲದಿದ್ದರೆ ಮೇಲಿನ ಸಾಲಿನ "ಸ್ತ್ರೀ"ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ನೋಟೋ ಸಾನ್ಸ್ ಕನ್ನಡದಂಥ ಸರಳ ಫಾಂಟು ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಅಕ್ಷರದ ಎತ್ತರ ಹತ್ತು ಅಡಿ ದೂರಕ್ಕೆ ಒಂದು ಇಂಚು ಎಂಬ ಲೆಕ್ಕ. ಐವತ್ತಡಿಯಾಚೆ ಕೂತವರಿಗೆ ಐದು ಇಂಚು. ಅಷ್ಟು ದೊಡ್ಡ ತೆರೆ ಇಲ್ಲದಿದ್ದರೆ ಕ್ಯಾಪ್ಷನ್ ಬೇಕಾದವರಿಗೆ ಮುಂದಿನ ಆರು ಸಾಲು ಕಾದಿರಿಸಿ.

ಧಾರವಾಡದ್ದೋ ಕುಂದಾಪುರದ್ದೋ ಕನ್ನಡವಿದ್ದರೆ ಅದನ್ನು ಹಾಗೇ ಬರೆಯಿರಿ. "ಎಲ್ಲಿಗೆ ಹೊಂಟಿ?" ಎಂದು ನಟ ಕೇಳುವಾಗ ತೆರೆಯ ಮೇಲೆ "ಎಲ್ಲಿಗೆ ಹೊರಟಿದ್ದೀಯಾ?" ಎಂದು ಕಂಡರೆ ಕಿವಿ ಕೇಳದವರಿಗೆ ಪಾತ್ರದ ಊರೇ ಅಳಿಸಿಹೋಯಿತು. ತೀರಾ ಅಪರೂಪದ ಪದಗಳಿದ್ದರೆ ಹತ್ತು ಪದದ ಪಟ್ಟಿ ಟಿಕೆಟ್ ಜೊತೆ ಕೊಡಿ.

ಸದ್ದನ್ನು ಚೌಕ ಆವರಣದಲ್ಲಿ ಹಾಕಿ: [ದೂರದಲ್ಲಿ ರೈಲಿನ ಸೀಟಿ], [ವಾಲಗ, ಮದುವೆ ಮನೆಯ ಗದ್ದಲ]. ಬರೀ [ಸಂಗೀತ] ಎಂದರೆ ಏನೂ ಹೇಳಿದಂತಾಗಲಿಲ್ಲ. ರಂಗದ ಹೊರಗಿಂದ ಮಾತು ಬಂದರೆ ಯಾರದು ಎಂದು ಹೆಸರು ಹಾಕಿ. ನಗೆಯ ಮಾತಿನ ಕೊನೆಯ ಪದವನ್ನು ಬೇರೆ ಸ್ಲೈಡಿಗೆ ಒಯ್ಯಿರಿ. ಒಟ್ಟಿಗೆ ಹಾಕಿದರೆ ಕ್ಯಾಪ್ಷನ್ ಓದುವವರು ನಟ ಹೇಳುವ ಮೊದಲೇ ನಕ್ಕುಬಿಡುತ್ತಾರೆ, ನಟನ ಲಯ ತಪ್ಪುತ್ತದೆ.

ಹವ್ಯಾಸಿ ರಂಗಭೂಮಿಯ ನಿಜವಾದ ಕಷ್ಟ ನಟರು ಮಾತು ಹಾರಿಸುವುದು, ಸೇರಿಸುವುದು. ಪ್ರತಿ ದೃಶ್ಯದ ಮೊದಲ ಸ್ಲೈಡಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ. ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೆ. ದಾರಿ ತಪ್ಪಿದಾಗ ಹುಡುಕುತ್ತಾ ಸ್ಲೈಡುಗಳನ್ನು ಓಡಿಸಬಾರದು, ಮುಂದಿನ ಗುಟ್ಟೆಲ್ಲ ತೆರೆಯ ಮೇಲೆ ಹಾದುಹೋಗುತ್ತದೆ. ಬಿ ಅಕ್ಷರದ ಕೀಲಿ ಒತ್ತಿ ತೆರೆ ಕಪ್ಪಾಗಿಸಿ, ಜಾಗ ಸಿಕ್ಕಿದ ಮೇಲೆ ಮತ್ತೆ ತನ್ನಿ. ಇನ್ನೊಂದು ಸಣ್ಣ ಸಂಗತಿ: ಪ್ರೊಜೆಕ್ಟರಿನ ಕಪ್ಪು ಪೂರ್ತಿ ಕಪ್ಪಲ್ಲ. ರಂಗದ ದೀಪವೆಲ್ಲ ಆರಿದ ಬ್ಲ್ಯಾಕೌಟಿನಲ್ಲಿ ಬೂದು ಬೆಳಕು ಚೆಲ್ಲಿ, ಪರಿಕರ ಬದಲಿಸುವವರೆಲ್ಲ ಕಾಣುತ್ತಾರೆ. ಲೆನ್ಸಿನ ಮುಂದೆ ಅಡ್ಡ ಹಿಡಿಯಲು ಒಂದು ರಟ್ಟಿನ ತುಂಡು ಇಟ್ಟುಕೊಳ್ಳಿ.

ಸಂಜ್ಞೆ ಭಾಷೆ

ಕ್ಯಾಪ್ಷನ್ ಇದ್ದರೆ ಸಂಜ್ಞೆ ಭಾಷೆ ಏಕೆ ಎಂದು ಕೇಳುವವರಿದ್ದಾರೆ. ಭಾರತೀಯ ಸಂಜ್ಞೆ ಭಾಷೆ ಕನ್ನಡವನ್ನು ಕೈಯಲ್ಲಿ ಹೇಳುವುದಲ್ಲ; ಅದಕ್ಕೆ ಅದರದೇ ವ್ಯಾಕರಣ ಇದೆ. ಹುಟ್ಟಿನಿಂದ ಕಿವಿ ಕೇಳದ ಅನೇಕರಿಗೆ ಅದೇ ಮೊದಲ ಭಾಷೆ, ಕನ್ನಡದ ಓದು ಎರಡನೆಯದು. ವಯಸ್ಸಾಗಿ ಕಿವಿ ಮಂದವಾದ ಅಜ್ಜಿಗೆ ಸಂಜ್ಞೆ ಬಾರದು, ಕ್ಯಾಪ್ಷನ್ ಬೇಕು. ಎರಡೂ ಬೇರೆ ಬೇರೆ ಜನರಿಗೆ. ಎರಡಕ್ಕೂ ದುಡ್ಡಿಲ್ಲದಿದ್ದರೆ ಶನಿವಾರ ಕ್ಯಾಪ್ಷನ್, ಭಾನುವಾರ ಸಂಜ್ಞೆ ಎಂದು ಹಂಚಿ, ಯಾವ ದಿನ ಯಾವುದು ಎಂದು ಸ್ಪಷ್ಟವಾಗಿ ಸಾರಿ.

ಮಾತನ್ನು ಸಂಜ್ಞೆಗೆ ತಿರುಗಿಸುವ, ತರಬೇತಿ ಪಡೆದ ಇಬ್ಬರು ಇಂಟರ್‌ಪ್ರಿಟರುಗಳು ಬೇಕು. ಒಂದೂವರೆ ಗಂಟೆ ಒಬ್ಬರೇ ಮಾಡಿದರೆ ಕೈಗಿಂತ ಮೊದಲು ಮನಸ್ಸು ದಣಿದು ಅರ್ಥ ಜಾರುತ್ತದೆ. ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ಪಠ್ಯ ಮೂರು ವಾರ ಮೊದಲೇ ಅವರ ಕೈಗೆ ಹೋಗಲಿ, ಎರಡು ತಾಲೀಮಿಗಾದರೂ ಬರಲಿ. ಪಾತ್ರಗಳಿಗೆ ಹೆಸರಿನ ಸಂಜ್ಞೆ ಕಟ್ಟಲು, ಪದ್ಯಗಳನ್ನು ಹೇಗೆ ಒಗ್ಗಿಸಬೇಕೆಂದು ನೋಡಲು ಸಂಜ್ಞೆ ಭಾಷೆಯೇ ಮನೆಮಾತಾದ ಕಿವುಡರೊಬ್ಬರ ಸಲಹೆ ಬೇಕೇ ಬೇಕು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಹತ್ತು ಸಾವಿರ ಪದಗಳ ನಿಘಂಟು ಅಂತರ್ಜಾಲದಲ್ಲಿದೆ, ತಾಲೀಮಿನಲ್ಲಿ ಕೈಗೆ ಬರುತ್ತದೆ.

ಇಂಟರ್‌ಪ್ರಿಟರು ರಂಗದ ಒಂದು ಬದಿಯಲ್ಲಿ, ಮುಂದೆ, ನಿಲ್ಲಲಿ. ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ ಸಾದಾ ಉಡುಪು. ಅವರಿಗೆ ಬೇರೆಯೇ ಒಂದು ದೀಪ, ಲೈಟಿಂಗ್ ಬೋರ್ಡಿನಲ್ಲಿ ಬೇರೆಯೇ ಒಂದು ಚಾನೆಲ್. ಇದು ಮರೆತರೆ ಬ್ಲ್ಯಾಕೌಟಿನಲ್ಲಿ ಹಿನ್ನೆಲೆ ದನಿ ಮಾತಾಡುತ್ತಲೇ ಇರುತ್ತದೆ, ಕೈಗಳು ಕತ್ತಲಲ್ಲಿ ಮುಳುಗಿರುತ್ತವೆ. ಕಿವುಡ ಪ್ರೇಕ್ಷಕರ ಕುರ್ಚಿಗಳೂ ಅದೇ ಬದಿಗೆ ಇರಲಿ.

ರಂಗದ ಮೇಲೆ

ಕಣ್ಣು ಕಾಣದ ಪಾತ್ರಕ್ಕೆ ಕಣ್ಣು ಕಾಣದ ನಟರನ್ನು ಹುಡುಕಿ; ಅಷ್ಟಕ್ಕೇ ನಿಲ್ಲದೆ ವಕೀಲ, ಅತ್ತೆ, ರಾಜನ ಪಾತ್ರಕ್ಕೂ ಅವರನ್ನು ಕರೆಯಿರಿ. ಪಠ್ಯವನ್ನು ಯೂನಿಕೋಡ್ ಕಡತವಾಗಿ ಕೊಟ್ಟರೆ ಫೋನಿನ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಸ್ಕ್ಯಾನ್ ಮಾಡಿದ ಪುಟದ ಚಿತ್ರವನ್ನು ಸರಿಯಾಗಿ ಓದಲಾರದು. ರಂಗದ ಅಂಚಿಗೆ ಮೂರಡಿ ಮೊದಲು ತೆಂಗಿನ ನಾರಿನ ಚಾಪೆಯ ಪಟ್ಟಿ ಅಂಟಿಸಿ, ಬರಿಗಾಲಿಗೆ ಅದೇ ಎಚ್ಚರಿಕೆ. ತಾಲೀಮಿನ ಕೋಣೆಯಲ್ಲೂ ಅದೇ ಅಳತೆಯಲ್ಲಿ ಹಾಸಿ, ಏಕೆಂದರೆ ಕ್ಯೂಗಿಂತ (ಮಾತಿಗೆ, ಪ್ರವೇಶಕ್ಕೆ ಸಿಗುವ ಸೂಚನೆ) ಮೊದಲು ಕಾಲು ಕಲಿಯುವುದು ಹೆಜ್ಜೆಯ ಎಣಿಕೆಯನ್ನು. ಸೆಟ್ಟಿನ ಕುರ್ಚಿ ಕೊನೆಯ ಕ್ಷಣ ಅರ್ಧ ಅಡಿ ಸರಿಸುವ ಚಟ ಇದ್ದರೆ ಬಿಡಿ. ಕಿವಿ ಕೇಳದ ನಟರಿಗೆ ಸೈಡ್ ವಿಂಗಿನಲ್ಲಿ ಒಂದು ಪುಟ್ಟ ಕೆಂಪು ದೀಪ: ಹತ್ತಿದರೆ ಸಿದ್ಧ, ಆರಿದರೆ ಪ್ರವೇಶ.

ಪ್ರಚಾರ

ಪೋಸ್ಟರ್ ಚಿತ್ರವನ್ನಷ್ಟೇ ವಾಟ್ಸಾಪಿನಲ್ಲಿ ಹಂಚಿದರೆ ಸ್ಕ್ರೀನ್ ರೀಡರಿಗೆ ಅದು ಬರೀ "ಫೋಟೊ". ಕೆಳಗೆ ಅದೇ ವಿವರವನ್ನು ಪಠ್ಯವಾಗಿ ಬರೆಯಿರಿ. ಕಿವಿ ಕೇಳದವರು ಕರೆ ಮಾಡಲಾರರು, ಸಂದೇಶಕ್ಕೆ ಒಂದು ನಂಬರು ಕೊಡಿ. ಸಂಜ್ಞೆ ಭಾಷೆಯ ಒಂದು ನಿಮಿಷದ ಆಹ್ವಾನದ ವಿಡಿಯೊ ಹತ್ತು ಪೋಸ್ಟರಿಗೆ ಸಮ. ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ನಾಲ್ಕು ವಾರ ಮೊದಲೇ ಪತ್ರ ಕೊಡಿ. ಅದಕ್ಕಿಂತಲೂ ಉಪಯೋಗವಾಗುವುದು ಗ್ರಾಮ ಪಂಚಾಯಿತಿಗಳ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯುಗಳು: ಯಾವ ಮನೆಯಲ್ಲಿ ಯಾರಿದ್ದಾರೆ, ಅವರು ಬಸ್ ಹತ್ತಿ ಬರಬಲ್ಲರೇ ಎಂಬುದೆಲ್ಲ ಅವರಿಗೆ ಗೊತ್ತು. ಜೊತೆಗೆ ಬರುವವರಿಗೆ ಟಿಕೆಟ್ ಬೇಡ. ಬಾಗಿಲಲ್ಲಿ ಯುಡಿಐಡಿ ಕಾರ್ಡು, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ, ಕೇಳಬೇಡಿ.

ಸ್ಟ್ರೋಬ್ ದೀಪ, ಗುಂಡಿನ ಸದ್ದು, ಹೊಗೆ ಇದ್ದರೆ ಆಹ್ವಾನದಲ್ಲೇ ತಿಳಿಸಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಬೆಳಕು ಕೆಲವರಿಗೆ ಅಪಸ್ಮಾರ ತರಬಹುದು, ಅದನ್ನು ತೆಗೆದೇಬಿಡುವುದು ಒಳ್ಳೆಯದು. ಆಟಿಸಂ ಇರುವ ಮಕ್ಕಳಿಗಾಗಿ ಒಂದು ಪ್ರದರ್ಶನದಲ್ಲಿ ಸಭಾಂಗಣದ ದೀಪ ಪೂರ್ತಿ ಆರಿಸದೆ, ಸದ್ದು ತಗ್ಗಿಸಿ, ಎದ್ದು ಹೋಗಿ ಮತ್ತೆ ಬರಲು ಬಾಗಿಲು ತೆರೆದಿಡಿ. ಪಕ್ಕದಲ್ಲಿ ಒಂದು ಸದ್ದಿಲ್ಲದ ಕೋಣೆ ಇರಲಿ.

ಪ್ರದರ್ಶನದ ದಿನ

ಪರದೆಗೆ ಒಂದು ಗಂಟೆ ಮೊದಲು ರಿಸೀವರುಗಳ ಬ್ಯಾಟರಿ ಬದಲಿಸಿ, ಪ್ರತಿಯೊಂದನ್ನೂ ಸಭಾಂಗಣದ ನಾಲ್ಕು ಮೂಲೆಯಲ್ಲಿ ಹಿಡಿದು ಕೇಳಿ. ನಲವತ್ತೈದು ನಿಮಿಷ ಮೊದಲು ಕಣ್ಣು ಕಾಣದವರನ್ನು ಎಂಟೆಂಟು ಜನರಂತೆ ರಂಗಕ್ಕೆ ಕರೆದೊಯ್ದು ಟ್ರಂಕು, ಒಲೆ, ಬಾಗಿಲ ಚೌಕಟ್ಟು, ಉಡುಪಿನ ಬಟ್ಟೆ ಮುಟ್ಟಿಸಿ, ರಂಗದ ಅಗಲವನ್ನು ಹೆಜ್ಜೆಯಲ್ಲಿ ಅಳೆಯಲು ಬಿಡಿ. ಅವರ ಕೈಯನ್ನೋ ಬಿಳಿ ಕೋಲನ್ನೋ ಹಿಡಿದು ಎಳೆಯುವುದಲ್ಲ. ನಿಮ್ಮ ಮೊಣಕೈಯನ್ನು ಅವರು ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ, ಮೆಟ್ಟಿಲು ಬಂದಾಗ ಹತ್ತುವುದೋ ಇಳಿಯುವುದೋ ಹೇಳಿ. ಮೊದಲ ಬೆಲ್ಲಿಗೆ ಮುನ್ನುಡಿ ಶುರು. ಮೂರನೇ ಬೆಲ್ಲಿನ ಹೊತ್ತಿಗೆ ಎಲ್ಲರ ಇಯರ್‌ಫೋನಿನಲ್ಲೂ ದನಿ ಬರುತ್ತಿದೆ ಎಂದು ಸ್ವಯಂಸೇವಕರು ಕೈ ಎತ್ತಿ ತೋರಿಸುವ ತನಕ ಪರದೆ ಏಳಬಾರದು. ಆ ಸಂಜ್ಞೆಗೆ ಕಾಯುವುದು ರಂಗ ನಿರ್ವಾಹಕರ ಕ್ಯೂ ಪಟ್ಟಿಯಲ್ಲಿ ಮೊದಲ ಸಾಲಾಗಿರಲಿ.

ಶನಿವಾರದ ಪ್ರದರ್ಶನ ಮುಗಿದ ರಾತ್ರಿಯೇ ಕಣ್ಣು ಕಾಣದ ಇಬ್ಬರಿಗೆ ಫೋನ್ ಮಾಡಿ, ಕಿವಿ ಕೇಳದ ಇಬ್ಬರಿಗೆ ಸಂದೇಶ ಕಳಿಸಿ, ಎಲ್ಲಿ ಎಳೆ ತಪ್ಪಿತು ಎಂದು ಕೇಳಿ ಬರೆದುಕೊಳ್ಳಿ. ಭಾನುವಾರ ಬೆಳಿಗ್ಗೆ ಆ ಸಾಲುಗಳನ್ನು ತಿದ್ದಿ, ಸ್ಲೈಡಿನ ಸಂಖ್ಯೆ ಬದಲಾಗಿದ್ದರೆ ಲ್ಯಾಪ್‌ಟಾಪಿನ ಚೀಟಿಯನ್ನೂ ಬದಲಿಸಿ.